ಬಿಸಿನೀರಲ್ಲಿ ಕರಗಿದ ಚಮಚ

ಹೊಳೆ ದಂಡೇಲಿ ಒಂದು ಆಶ್ರಮ, ಆಶ್ರಮದೊಳಗೆ ಒಂದು ಶಾಲೆ. ಆ ಶಾಲೇಲಿ ಪಾಠ ಮಾಡೋದನ್ನ ಕಲೀತಾ ಇದ್ದೋಳು ದಾಕ್ಷಾಯಿಣಿ. ಕಲಿಸ್ತಿದ್ದೋರು ಬಸಲಿಂಗಯ್ಯ ಗುರುಗಳು. ಬೆಳಿಗ್ಗೆ ವಚನ ಹೇಳ್ಕೊಡೋರು, ಮಧ್ಯಾಹ್ನ ರಸಾಯನಶಾಸ್ತ್ರ. ಎರಡಕ್ಕೂ ಒಂದೇ ದನಿ.

ಒಂದಿನ ಗುರುಗಳು ಅವಳ ಕೈಗೊಂದು ಚಮಚ ಕೊಟ್ರು.

ನೋಡೋಕೆ ಥೇಟ್ ಆಶ್ರಮದ ಅಡುಗೆಮನೆ ಚಮಚ. ಆದ್ರೆ ಸ್ಟೀಲಲ್ಲ. ಬಿಸ್ಮತ್, ತವರ, ಇಂಡಿಯಂ ಅಂತ ಮೂರು ಲೋಹ ಬೆರೆಸಿ, ಅಡುಗೆಮನೆ ಚಮಚದ್ದೇ ಅಚ್ಚು ಮಾಡಿ, ಗುರುಗಳೇ ಎರಕ ಹೊಯ್ದಿದ್ದು. ಕಾಫಿಯಷ್ಟು ಬಿಸಿ ತಾಗಿದ್ರೆ ಸಾಕು, ಕರಗಿ ಹರಿದುಬಿಡುತ್ತೆ.

"ಮಕ್ಕಳಿಗೆ ತೋರಿಸು," ಅಂದ್ರು. "ಇದೇನು ಅಂತ ಮೊದಲು ಹೇಳು, ಆಮೇಲೆ ತೋರಿಸು."

"ಮೊದಲೇ ಹೇಳಿದ್ರೆ ಮಜಾ ಎಲ್ಲಿರುತ್ತೆ ಗುರುಗಳೇ?"

"ಯಾರಿಗೆ ಮಜಾ?"

ಅಷ್ಟೊತ್ತಿಗೆ ಅವಳು ಬಾಗಿಲು ದಾಟಿ ಓಡಿದ್ಲು. ಅವಳಿಗೆ ಅಷ್ಟು ಖುಷಿ.

ತರಗತೀಲಿ ಲೋಟದ ತುಂಬ ಬಿಸಿನೀರು ಇಟ್ಲು, ಹಬೆ ಏಳೋ ಅಂಥದ್ದು. ಬೆಲ್ಲದ ತುಂಡು ಹಾಕಿದ್ಲು. ಯಾರನ್ನ ಕರೀಲಿ ಅಂತ ನೋಡಿದ್ಲು. ಹಿಂದಿನ ಸಾಲಲ್ಲಿ ಹೊನ್ನಿ ಕೂತಿದ್ಲು. ಮೊನ್ನೆ ಮೊನ್ನೆ ಆಶ್ರಮದ ಹಾಸ್ಟೆಲ್‌ಗೆ ಸೇರಿದೋಳು, ಇನ್ನೂ ಯಾರ ಜೊತೆನೂ ಮಾತಿಲ್ಲ.

"ಹೊನ್ನಿ, ಬಾರೇ. ಈ ಬೆಲ್ಲ ಕರಗೋ ಹಾಗೆ ಚಮಚ ಆಡಿಸು."

ಹೊನ್ನಿ ಬಂದ್ಲು. ಬಲು ಜೋಪಾನವಾಗಿ ಆಡಿಸಿದ್ಲು. ಎತ್ತಿ ನೋಡ್ತಾಳೆ, ಕೈಲಿ ಬರೀ ಹಿಡಿ. ತುದಿನೇ ಇಲ್ಲ.

"ಏನೇ ಹೊನ್ನಿ," ಅಂದ್ಲು ದಾಕ್ಷಾಯಿಣಿ, "ಆಶ್ರಮದ ಚಮಚಾನೇ ಮುಗಿಸಿಬಿಟ್ಯಲ್ಲೇ."

ಅಷ್ಟೇ. ತರಗತಿಗೆ ತರಗತಿನೇ ಬಿದ್ದು ಬಿದ್ದು ನಗ್ತು. ದಾಕ್ಷಾಯಿಣಿನೂ ನಕ್ಕಳು, ಕಣ್ಣಲ್ಲಿ ನೀರು ಬರೋವರ್ಗೂ. ನಗು ನಿಂತ್ಮೇಲೆ ಲೋಹದ ಗುಟ್ಟೆಲ್ಲ ಬಿಡಿಸಿ ಹೇಳಿದ್ಲು, ಎಷ್ಟು ಚೆಂದ ಹೇಳಿದ್ಲು ಅಂದ್ರೆ ಮಕ್ಕಳು ಚಪ್ಪಾಳೆ ತಟ್ಟಿದ್ರು. ಆ ಗುಟ್ಟು ಕೇಳೋಕೆ ಹೊನ್ನಿ ಮಾತ್ರ ಅಲ್ಲಿರ್ಲಿಲ್ಲ. ಯಾವಾಗ ಹೊರಗೆ ಹೋದ್ಲೋ ಯಾರೂ ನೋಡಿರ್ಲಿಲ್ಲ.

ಆ ಆಶ್ರಮದಲ್ಲಿ ಒಂದು ಪದ್ಧತಿ. ಯಾರ ಕೈಲಿ ಏನೇ ಒಡೀಲಿ, ಹಾಳಾಗ್ಲಿ, ಸಂಜೆ ಪ್ರಾರ್ಥನೆ ಮುಗಿದ್ಮೇಲೆ ಅವರೇ ಎದ್ದು ನಿಂತು ಹೇಳ್ಬೇಕು. ಗುರುಗಳು "ಸರಿ, ಕೂತ್ಕೋ" ಅಂತಾರೆ. ಅಲ್ಲಿಗೆ ಮುಗೀತು, ಆಮೇಲೆ ಯಾರೂ ಬೈಯೋ ಹಾಗಿಲ್ಲ. ಅದಾದ್ಮೇಲೇ ಊಟ ಬಡಿಸೋದು.

ಆವತ್ತು ಹೊನ್ನಿ ಎದ್ದು ನಿಂತ್ಲು.

"ನಾನು ಆಶ್ರಮದ ಚಮಚ ಹಾಳು ಮಾಡ್ದೆ. ಬೇಕೂಂತ ಮಾಡ್ಲಿಲ್ಲ."

ತರಗತಿ ಮಕ್ಕಳು ಬಾಯಿಗೆ ಕೈ ಅಡ್ಡ ಇಟ್ಕೊಂಡು ಕಿಸಕ್ ಅಂದ್ರು.

"ಸರಿ, ಕೂತ್ಕೋ ಮಗಳೇ," ಅಂದ್ರು ಗುರುಗಳು. ಆಮೇಲೆ ದಿನಾ ಕೇಳೋ ಹಾಗೇ ಕೇಳಿದ್ರು, "ಇನ್ಯಾರಾದ್ರೂ ಇದೀರಾ?"

ದಾಕ್ಷಾಯಿಣಿ ಎದುರಿಗಿದ್ದ ತಟ್ಟೆ ನೋಡ್ತಾ ಕೂತ್ಲು. ಏಳ್ಬೇಕು ಅನ್ನಿಸ್ತು. ಏಳ್ಲಿಲ್ಲ. ಅಷ್ಟು ಮಕ್ಕಳ ಮುಂದೆ, ಮಧ್ಯಾಹ್ನ ಚಪ್ಪಾಳೆ ತಟ್ಟಿದ ಅದೇ ಮಕ್ಕಳ ಮುಂದೆ, ಹೇಗೆ ಏಳೋದು?

ಊಟ ಬಡಿಸಿದ್ರು. ದಾಕ್ಷಾಯಿಣಿ ತನ್ನ ಮುದ್ದೇನ ಪಕ್ಕದೋಳ ತಟ್ಟೆಗೆ ಹಾಕಿದ್ಲು.

ಬೆಳಿಗ್ಗೆ ಗುರುಗಳು ಹೊಳೇಲಿ ಪಂಚೆ ಒಗೀತಿದ್ರು. ದಾಕ್ಷಾಯಿಣಿ ಹೋಗಿ ನಿಂತ್ಲು.

"ಅದು ಹೊನ್ನಿ ತಪ್ಪಲ್ಲ ಅಂತ ನಿಮಗೆ ಗೊತ್ತಿತ್ತಲ್ಲ ಗುರುಗಳೇ. ನಿನ್ನೆ ನೀವೇ ಹೇಳ್ಬಹುದಿತ್ತು."

"ಹೇಳ್ಬಹುದಿತ್ತು."

"ಮತ್ಯಾಕೆ ಹೇಳ್ಲಿಲ್ಲ?"

"ಗೊತ್ತಿದ್ದೋರು ಇನ್ನೊಬ್ರು ಕೂತಿದ್ರಲ್ಲ. ಅವರು ಏಳ್ತಾರೇನೋ ಅಂತ ಕಾದೆ." ಪಂಚೆ ಹಿಂಡಿದ್ರು. "ಆ ಮಗೂನ ಹಾಗೇ ನೋಯೋಕೆ ಬಿಟ್ಟು ಕಾದಿದ್ದು ನಂದೂ ತಪ್ಪೇ."

ದಾಕ್ಷಾಯಿಣಿ ಮುಖ ಎತ್ಲಿಲ್ಲ. "ಈಗೇನು ಮಾಡ್ಲಿ?"

"ಚಮಚ ಎಲ್ಲಿ?"

"ಲೋಟದ ತಳದಲ್ಲಿ ಗಡ್ಡೆ ಕಟ್ಕೊಂಡಿದೆ."

"ಎರಕ ಹೊಯ್ಯಿ."

ಓಡಿದ್ಲು. ಉಳಿದಿದ್ದ ಹಿಡೀನೂ ಗಡ್ಡೆ ಜೊತೆ ಹಾಕಿ, ಬಿಸಿನೀರಲ್ಲಿ ಕರಗಿಸಿ, ಅಚ್ಚಿಗೆ ಹೊಯ್ದು, ಆಯ್ತಾ ಆಯ್ತಾ ಅಂತ ಆಗಿಂದಾಗ್ಲೇ ಅಚ್ಚು ಬಿಚ್ಚಿದ್ಲು. ಚಮಚ ಅರ್ಧಕ್ಕೆ ಮುರಿದು ಬಿತ್ತು.

"ಮತ್ತೆ ಹೊಯ್ಯಿ," ಅಂದ್ರು ಬಾಗಿಲಲ್ಲಿ ನಿಂತಿದ್ದ ಗುರುಗಳು. "ಒಳಗಿನ ಬಿಸಿ ಆರೋಕೆ ಬಿಡು."

ಎರಡನೇ ಸಲ ಕೈ ಕಟ್ಕೊಂಡು ಕೂತು ಕಾದ್ಲು. ಚಮಚ ಆಯ್ತು. ಹೊಸದರ ಹಾಗೇ ಫಳಫಳ ಅಂತಿತ್ತು.

ಹೊನ್ನಿ ಹೂವಿನ ಗಿಡಗಳ ಹತ್ರ ಒಬ್ಬಳೇ ನಿಂತಿದ್ಲು.

"ನೋಡೇ ಹೊನ್ನಿ, ಚಮಚ ಸರಿಯಾಯ್ತು. ಇದು ಕರಗೋ ಲೋಹಾನೇ ಕಣೇ, ನೀನೇನೂ ಹಾಳು ಮಾಡ್ಲಿಲ್ಲ. ನಾನು ಸುಮ್ನೆ ತಮಾಷೆಗೆ ಮಾಡಿದ್ದು. ತಗೋ, ಹಿಡ್ಕೊಂಡು ನೋಡು."

ಹೊನ್ನಿ ಎರಡೂ ಕೈ ಬೆನ್ನ ಹಿಂದೆ ಕಟ್ಕೊಂಡ್ಲು.

"ಬೇಡ ಅಕ್ಕ. ನಾನು ಮುಟ್ಟಲ್ಲ."

"ನಿನ್ನ ತಪ್ಪಲ್ಲ ಅಂತ ನಾನೇ ಹೇಳ್ತಿದೀನಲ್ಲೇ."

ಹೊನ್ನಿ ಆ ಕಡೆ ಈ ಕಡೆ ನೋಡಿದ್ಲು.

"ಇಲ್ಲಿ ಯಾರೂ ಇಲ್ವಲ್ಲ ಅಕ್ಕ."

ದಾಕ್ಷಾಯಿಣಿ ಚಾಚಿದ ಕೈ ಹಾಗೇ ಉಳೀತು. ಬೆಳಗಿನ ತಂಪಲ್ಲೂ ಕಿವಿ ಕಾದು ಕೆಂಪಾಯ್ತು.

ಸಂಜೆ ಪ್ರಾರ್ಥನೆ ಮುಗೀತು. ಎಲ್ಲರ ಮುಂದೆ ತಟ್ಟೆ. ಹೊನ್ನಿ ಮೂಲೇಲಿ, ಕೈ ಎರಡನ್ನೂ ತೊಡೆ ಕೆಳಗೆ ಇಟ್ಕೊಂಡು ಕೂತಿದ್ಲು. ಪಕ್ಕದೋಳ ಹತ್ರ ಹೇಳಿ ನೀರು ಹಾಕಿಸ್ಕೊಂಡಿದ್ಲು, ತಂಬಿಗೆ ಮುಟ್ಟಿರ್ಲಿಲ್ಲ.

"ಯಾರಾದ್ರೂ ಇದೀರಾ?" ಅಂತ ಕೇಳಿದ್ರು ಗುರುಗಳು.

ದಾಕ್ಷಾಯಿಣಿ ಎದ್ಲು. ಅಷ್ಟು ಮಾತುಗಾತಿ, ಒಂದೊಂದು ಮಾತಿಗೂ ತಡವರಿಸಿದ್ಲು.

"ಆ ಚಮಚ ಕರಗುತ್ತೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಹೊನ್ನಿ ಕೈಗೆ ಕೊಟ್ಟೆ. ಎಲ್ಲರ ಎದುರಿಗೆ ಅವಳನ್ನ ನೋಡಿ ನಕ್ಕೆ. ನಿನ್ನೆ ಅವಳು ಇಲ್ಲಿ ಎದ್ದು ನಿಂತಾಗ ನಾನು ತಟ್ಟೆ ನೋಡ್ತಾ ಕೂತಿದ್ದೆ."

ಈ ಸಲ ಯಾವ ಮಗೂನೂ ನಗ್ಲಿಲ್ಲ.

ದಾಕ್ಷಾಯಿಣಿ ಕಾದ್ಲು. ಈಗ "ಸರಿ, ಕೂತ್ಕೋ" ಅಂತಾರೆ, ಈಗ ಅಂತಾರೆ. ಗುರುಗಳು ಅನ್ಲೇ ಇಲ್ಲ.

"ದಿನಾ ಕೂತ್ಕೋ ಅನ್ನೋನು ನಾನು," ಅಂದ್ರು. "ಇವತ್ತು ಅದನ್ನ ಹೊನ್ನಿ ಹೇಳ್ಬೇಕು."

ಎಲ್ಲರೂ ಹೊನ್ನಿ ಕಡೆ ತಿರುಗಿದ್ರು. ಹೊನ್ನಿ ತಲೆ ಎತ್ಲಿಲ್ಲ. ದಾಕ್ಷಾಯಿಣಿ ನಿಂತೇ ಇದ್ಲು.

ಬಾಗಿಲಲ್ಲಿ ಅಡುಗೆ ರುದ್ರಕ್ಕ ಮುದ್ದೆ ಬುಟ್ಟಿ ಹಿಡ್ಕೊಂಡು ಬಹಳ ಹೊತ್ತು ನೋಡಿ, ಕೊನೆಗೆ ಮೆಲ್ಲಗೆ ಅಂದ್ಲು, "ಗುರುಗಳೇ, ಮುದ್ದೆ ಆರಿಹೋಗ್ತಿದೆ."

"ಆರ್ಲಿ ರುದ್ರಕ್ಕ," ಅಂದ್ರು ಗುರುಗಳು. "ಮಗೂಗೆ ಅವಸರ ಮಾಡ್ಬೇಡ."