ಆರು ಕಿಟಕಿಗಳ ಗಾಳಿ

ಗಾಳಿಯ ವಿಷಯದಲ್ಲಿ ಕಂಪ್ಯೂಟರ್ ತಪ್ಪುವುದಿಲ್ಲ ಎಂದು ಆಗ ಎಲ್ಲರೂ ನಂಬಿದ್ದರು. ಕೆಮ್ಮುವವರೂ ನಂಬಿದ್ದರು.

ಪಿಳ್ಳಮ್ಮ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಶೆಡ್ಡಿನ ಕೆಲಸದವಳು. ಅಲ್ಲೇ ದುಡಿಯುತ್ತಿದ್ದ ಅವಳ ಅಕ್ಕ ಉಸಿರು ಕಟ್ಟಿ ಸತ್ತು ತಿಂಗಳಾಗಿತ್ತು. ಹೊಗೆ, ಹಬೆ ಹೊರಗೆಳೆಯುವ ಫ್ಯಾನು ಹಾಕಿಸಿ ಎಂದು ಪಿಳ್ಳಮ್ಮ ಅರ್ಜಿ ಕೊಟ್ಟಳು. ತಪಾಸಣೆಗೆ ಬಂದ ಎಂಜಿನಿಯರ್ ಲ್ಯಾಪ್‌ಟಾಪಿನಲ್ಲಿ ಶೆಡ್ಡಿನ ಚಿತ್ರ ತೋರಿಸಿದ. ಆರೂ ಕಿಟಕಿಗಳಿಂದ ನೀಲಿ ಬಾಣಗಳು ಒಳಗೆ ನುಗ್ಗುತ್ತಿದ್ದವು.

“ಗಂಟೆಗೆ ಹನ್ನೆರಡು ಸಲ ಗಾಳಿ ಬದಲಾಗುತ್ತೆ. ಫ್ಯಾನು ಬೇಕಿಲ್ಲ,” ಎಂದ.

“ಕೇಳಿದ್ಯೇನೆ ಪಿಳ್ಳಮ್ಮ? ನಿಮ್ಮಕ್ಕನಿಗೆ ಮೊದಲಿಂದ್ಲೂ ದಮ್ಮಿತ್ತು. ಅರ್ಜಿ ವಾಪಸ್ ತಗೊಂಡು ಹೆಬ್ಬೆಟ್ಟು ಒತ್ತು,” ಎಂದರು ಶೆಡ್ಡಿನ ಯಜಮಾನರು.

“ಒತ್ತುತೀನಿ ಯಜಮಾನ್ರೇ. ಸಾರ್, ನಿಮ್ಮ ಕಂಪ್ಯೂಟರಲ್ಲಿ ಕಿಟಕಿ ತೆಗೆದಿದೆ ಅಲ್ವಾ? ಇಲ್ಲೂ ತೆಗೀತೀನಿ. ಎರಡೂ ಒಂದೇ ಥರ ಇರ್ಲಿ.”

ಬಿಗಿದುಕೊಂಡಿದ್ದ ಚಿಲಕವನ್ನು ಬಡಿದು ಅವಳು ಒಂದು ಕಿಟಕಿ ತೆರೆದಳು. ಗಾಳಿ ನುಗ್ಗಿತು. ಸಾಲಾಗಿ ತಿರುಗುತ್ತಿದ್ದ ರಾಟೆಗಳಲ್ಲಿ ರೇಷ್ಮೆಯ ಎಳೆಗಳು ಒಂದಾದ ಮೇಲೊಂದು ತುಂಡಾದವು.

“ಮುಚ್ಚೇ! ರಾಟೆ ತಿರುಗುವಾಗ ಯಾರಾದ್ರೂ ಕಿಟಕಿ ತೆಗೀತಾರಾ?” ಯಜಮಾನರು ಕೂಗಿಬಿಟ್ಟರು.

ಎಂಜಿನಿಯರ್ ಯಜಮಾನರ ಮುಖ ನೋಡಿದ. ಆಮೇಲೆ ತನ್ನ ನೀಲಿ ಬಾಣಗಳನ್ನು ನೋಡಿದ.

“ಹಾಗಾದ್ರೆ ಯಾವಾಗ ತೆಗೀತೀರಿ?”

ಯಜಮಾನರು ತುಂಡಾದ ಎಳೆ ಹುಡುಕುವವರಂತೆ ಬಗ್ಗಿದರು. ಪಿಳ್ಳಮ್ಮ ಕಿಟಕಿ ಮುಚ್ಚಿ ಚಿಲಕ ಹಾಕಿದಳು.

“ಒಂದೇ ಸಲ ತೆಗೆದಿದ್ದು ಸಾರ್. ನಮ್ಮಕ್ಕ ಇಲ್ಲೇ ಬಿದ್ದು ಸತ್ತ ದಿನ. ಅವತ್ತು ರಾಟೆ ನಿಂತಿತ್ತು.”