ಸಿಸ್ಟರವ್ವನ ಮಾತು ಮೀರದ ಪುಟ್ಟಮಾದ

ಕಿವಿ ಇತ್ತ ಕೊಡಿ, ನಗು ಬಂದ್ರೆ ಆಮೇಲೆ ನಕ್ಕೊಳಿ. ಕಾಲುವೆ ಪಕ್ಕದ ಒಂದು ಊರಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬ ಮಗ, ಪುಟ್ಟಮಾದ. ಆಳು ನೋಡಿದ್ರೆ ಬಾಗಿಲ ತುಂಬ. ಬುದ್ಧಿ ನೋಡಿದ್ರೆ ಬಾಗಿಲಾಚೆ. ಹೇಳಿದ್ದನ್ನ ಕೇಳ್ತಿರಲಿಲ್ವಾ? ಕೇಳ್ತಿದ್ದ! ಅದೇ ಕಷ್ಟ. ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಿದ್ದ.

"ದೇವರೇ, ಹೇಳಿದ ಮಾತು ಕೇಳದ ಮಗನ್ನ ಕೊಡಬಾರದಿತ್ತಾ!" ಅಂತ ಚಿಕ್ಕತಾಯಮ್ಮ ಹಣೆ ಚಚ್ಚಿಕೊಳ್ಳೋಳು.

ಆ ಮನೇಲಿ ಇನ್ನೊಂದು ಪುಟ್ಟ ಜೀವ. ಮಗಳ ಮಗಳು, ರೋಹಿಣಿ. ಮೂರನೇ ಕ್ಲಾಸು. ಅವಳಮ್ಮ ದೇವೀರಮ್ಮ ಬೆಳಗಾಗ್ತಲೂ ಬಟ್ಟೆ ಫ್ಯಾಕ್ಟರಿ ಬಸ್ಸು ಹತ್ತಿದ್ರೆ ದೀಪ ಹಚ್ಚೋ ಹೊತ್ತಿಗೇ ಬರೋದು. ಅಜ್ಜಿಗೆ ಮಂಡಿನೋವು. ಹಾಗಾಗಿ ಮಗುನ ಶಾಲೆಗೆ ಬಿಡೋದು, ಕರ್ಕೊಂಡು ಬರೋದು, ಎಲ್ಲಾ ಮಾವ ಪುಟ್ಟಮಾದನ ಪಾಲಿಗೆ ಬಂತು. ಮಗುಗೆ ಉಬ್ಬಸ ಬೇರೆ. ಒಂಚೂರು ಧೂಳು ಮೂಗಿಗೆ ಹೋದ್ರೆ ಸಾಕು, ಎದೆ ಕುಯ್ಯೋ ಅಂತಿತ್ತು.

ಆ ವರ್ಷ ಶಾಲೆಗೆ ಒಬ್ಬರು ನರ್ಸಮ್ಮ ಬಂದ್ರು, ಫಿಲೋಮಿನಾ ಅಂತ. ಮನೆಯವರನ್ನೆಲ್ಲ ಕರೆಸಿ ಹೇಳಿದ್ರು: "ಮಕ್ಕಳಿಗೆ ಲಸಿಕೆ ಹಾಕ್ಸಿರಬೇಕು. ಕಾಯಿಲೆ ಇದ್ರೆ ಮುಚ್ಚಿಡದೆ ಹೇಳ್ಬೇಕು. ಮಗುಗೆ ಬೇಕಾದ ಔಷಧಿ ನನ್ನ ಕೈಗೆ ತಲುಪಿಸ್ಬೇಕು. ಬರೋ ತಿಂಗಳಿಂದ ಉಬ್ಬಸದ ಮಗುನ ಔಷಧಿ ಇಲ್ಲದೆ ಕ್ಲಾಸಲ್ಲಿ ಕೂರಿಸೋದಿಲ್ಲ, ನೋಡಿ!"

ರೋಹಿಣಿಗೆ ಶಾಲೆ ಅಂದ್ರೆ ಪ್ರಾಣ. ಮಾವನ ಕೈ ಹಿಡಿದು ಜಗ್ಗಿದಳು. "ಮಾವ, ಸಿಸ್ಟರ್ ಹೇಳಿದ ಹಾಗೇ ಮಾಡು. ಇಲ್ದಿದ್ರೆ ನನ್ನ ಮನೆಗೆ ಕಳಿಸ್ತಾರೆ."

"ಅದಕ್ಕೇನು ಕೂಸು! ಹೇಳಿದ ಹಾಗೇ ಮಾಡ್ತೀನಿ," ಅಂದ ಪುಟ್ಟಮಾದ.

ಮಾಡಿದ.

ಒಂದು ಬೆಳಿಗ್ಗೆ ಮಗು ಮೈ ಕೆಂಡ. ಚಿಕ್ಕತಾಯಮ್ಮ ಹಿತ್ತಲಲ್ಲಿದ್ದಳು. ಅವನಿಗೇನು ಗೊತ್ತು? ಶಾಲೆ ಹೊತ್ತಾಯ್ತು ಅಂತ ಹೆಗಲ ಮೇಲೆ ಹೊತ್ಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸಿಬಂದ. ಸಿಸ್ಟರು ಅರ್ಧ ದಾರಿಗೆ ಓಡಿಬಂದು ಹಿಡಿದ್ರು.

"ಏನಯ್ಯ ನೀನು! ಮೈ ಬಿಸಿ ಇರೋದನ್ನ ಶಾಲೆಗೆ ತರ್ತಾರಾ? ಬಿಸಿ ಇದ್ರೆ ಮನೇಲೇ ಇಟ್ಕೋಬೇಕು. ತಣ್ಣಗಾದ ಮೇಲೂ ಒಂದು ದಿನ ಬಿಟ್ಟು ಕಳಿಸ್ಬೇಕು!"

"ಆಯ್ತು ಸಿಸ್ಟರವ್ವ, ಇನ್ಮೇಲೆ ಹಾಗೇ ಮಾಡ್ತೀನಿ."

ದಾರಿಯುದ್ದಕ್ಕೂ ಬಾಯಿಪಾಠ. ಬಿಸಿ ಇದ್ರೆ ಮನೇಲಿ, ತಣ್ಣಗಾದ್ರೆ ಒಂದು ದಿನ ಬಿಟ್ಟು. ಬಿಸಿ ಇದ್ರೆ ಮನೇಲಿ, ತಣ್ಣಗಾದ್ರೆ ಒಂದು ದಿನ ಬಿಟ್ಟು.

ಮಗುಗೆ ಜ್ವರ ಬಿಡ್ತು, ಶಾಲೆಗೆ ಹೋಯ್ತು. ಜ್ವರ ಬಿಟ್ಟ ಬಾಯಿಗೆ ಮಧ್ಯಾಹ್ನ ಗಂಜಿ ಕೊಡಿ ಅಂತ ಸಿಸ್ಟರು ಹೇಳಿಕಳಿಸಿದ್ರು. ಚಿಕ್ಕತಾಯಮ್ಮ ಗಂಜಿ ಕಾಯಿಸಿ ಡಬ್ಬಿಗೆ ಹಾಕಿ ಮಗನ ಕೈಗೆ ಕೊಟ್ಟು ಹೂ ಕಟ್ಟೋಕೆ ಕೂತಳು. ಪುಟ್ಟಮಾದ ಡಬ್ಬಿ ಮುಟ್ಟಿ ನೋಡಿದ. "ಅಬ್ಬಬ್ಬಾ! ಇದಕ್ಕೆ ಮಗುಗಿಂತ ಜಾಸ್ತಿ ಜ್ವರ!" ಡಬ್ಬೀನ ಚಾಪೆ ಮೇಲೆ ಮಲಗಿಸಿದ. ತಣ್ಣಗಾಯ್ತು. ಒಂದು ದಿನ ಬಿಟ್ಟ. ಆಮೇಲೆ ತಗೊಂಡು ಹೋದ.

ಸಿಸ್ಟರು ಮುಚ್ಚಳ ತೆಗೆದವರು ಮೂಗು ಮುಚ್ಕೊಂಡ್ರು. "ಹಳಸಿ ನಾರ್ತಿದೆಯಲ್ಲಯ್ಯ! ಮಗು ಮೊನ್ನೆ ಹಸ್ಕೊಂಡೇ ಕೂತಿತ್ತು!"

"ತಣ್ಣಗಾದ್ಮೇಲೆ ಒಂದು ದಿನ ಬಿಟ್ಟು ಅಂದಿದ್ರಿ, ಸಿಸ್ಟರವ್ವ."

"ಅಯ್ಯೋ! ಬಿಸಿ ಬಿಸಿ ಇರೋವಾಗ್ಲೇ ದಪ್ಪ ಬಟ್ಟೇಲಿ ಸುತ್ತಿ, ಗಾಳಿ ಆಡದ ಹಾಗೆ ಬಿಗಿಯಾಗಿ ಗಂಟು ಕಟ್ಟಿ, ಓಡ್ಕೊಂಡು ತರಬೇಕು!"

"ಆಯ್ತು ಸಿಸ್ಟರವ್ವ, ಇನ್ಮೇಲೆ ಹಾಗೇ ಮಾಡ್ತೀನಿ."

ಮನೇಲಿ ಅವ್ವನ ಕೈಲಿ ಸೌಟಿನ ಏಟು. ಅದನ್ನೂ ಹಾಗೇ ತಿಂದ.

ಮುಂದಿನ ವಾರ ಶಾಲೇಲಿ ಮಕ್ಕಳ ತೂಕ, ಎತ್ತರ, ಕಣ್ಣು, ಹಲ್ಲು ನೋಡೋ ದಿನ. ಅಜ್ಜಿ ಮಗುಗೆ ಬಿಸಿನೀರು ಹುಯ್ದು ಲಂಗ ಹಾಕಿ, "ಜೋಪಾನವಾಗಿ ಕರ್ಕೊಂಡು ಹೋಗ್ಲಾ," ಅಂದಳು. ಪುಟ್ಟಮಾದ ಮಗು ಕೆನ್ನೆ ಮುಟ್ಟಿದ. ಬಿಸಿ ಬಿಸಿ! ತಂದ ಕಂಬಳೀನ. ಸುತ್ತಿದ. ಮೇಲಿಂದ ಗಂಟು ಕಟ್ಟಿದ. ತಲೆ ಮೇಲಿಟ್ಕೊಂಡು ಓಡಿದ.

"ಮಾವ, ಕಾಣಲ್ಲ!"

"ಸುಮ್ನಿರು ಕೂಸು, ಗಾಳಿ ಆಡ್ತದೆ!"

ಸಿಸ್ಟರ ಮುಂದೆ ಗಂಟು ಇಳಿಸಿದ. ಬಿಚ್ಚಿದ್ರೆ ಮಗು ಬೆವೆತು ನೀರಾಗಿ ಏದುಸಿರು ಬಿಡ್ತಿದೆ! ಸಿಸ್ಟರು ಮಗುನ ಎತ್ಕೊಂಡು ಕಿಟಕಿ ಹತ್ರ ಕೂರಿಸಿ, ಬೆನ್ನು ನೀವಿ, ಉಸಿರು ಸಮ ಆದ ಮೇಲೆ ತಿರುಗಿದ್ರು.

"ಪುಟ್ಟಮಾದ! ಉಬ್ಬಸದ ಮಗುಗೆ ಉಸಿರು ಕಟ್ಟಿಸ್ತೀಯಾ? ಮೆಲ್ಲಗೆ ನಡೆಸ್ಕೊಂಡು ಬರಬೇಕು. ದಾರೀಲಿ ಮಾತಾಡಿಸ್ಬೇಕು. ನಲ್ಲಿ ಸಿಕ್ಕಿದ ಕಡೆ ನೀರು ಕುಡಿಸ್ಬೇಕು. ತಿಳೀತಾ?"

"ಆಯ್ತು ಸಿಸ್ಟರವ್ವ..." ಕಣ್ಣಲ್ಲಿ ನೀರು. ಮಗು ಅಂದ್ರೆ ಅವನಿಗೂ ಪ್ರಾಣವೇ ತಾನೆ?

ಆಮೇಲೆ ಊರ ಡಾಕ್ಟರು ಮಗು ಎದೆ ಪರೀಕ್ಷೆ ಮಾಡಿ ಒಂದು ಬಾಟಲಿ ಸಿರಪ್ಪು ಕೊಟ್ರು. "ಲೋ, ಇದನ್ನ ಸಿಸ್ಟರ ಕೈಗೆ ಕೊಟ್ಟು ಬಾ. ಇದು ತಲುಪದೆ ಮಗುನ ಕ್ಲಾಸಿಗೆ ಸೇರಿಸಲ್ವಂತೆ," ಅಂದಳು ಚಿಕ್ಕತಾಯಮ್ಮ. ಪುಟ್ಟಮಾದ ಈ ಸಲ ತಪ್ಪು ಮಾಡೋನಲ್ಲ. ಬಾಟಲಿ ಕುತ್ತಿಗೆಗೆ ಹಗ್ಗ ಕಟ್ಟಿ ಕೆಳಗಿಟ್ಟ. ಮೆಲ್ಲಗೆ ನಡೆಸಿದ.

"ಬಾ ಬಾ, ಕಾಲು ನೋಯ್ತದಾ? ಅಗೋ ಶಾಲೆ ಬಂತು," ಅಂತ ಮಾತಾಡಿಸಿದ. ನಲ್ಲಿ ಸಿಕ್ತು. ಮುಚ್ಚಳ ತೆಗೆದು ಒಂದಿಷ್ಟು ಚೆಲ್ಲಿ ಜಾಗ ಮಾಡಿ ನೀರು ಕುಡಿಸಿದ. ಇನ್ನೊಂದು ನಲ್ಲಿ ಸಿಕ್ತು. ಮತ್ತೆ ಚೆಲ್ಲಿದ, ಮತ್ತೆ ಕುಡಿಸಿದ. ಆ ಊರಲ್ಲಿ ನಲ್ಲಿಗಳಿಗೇನು ಕಮ್ಮಿ?

ಸಿಸ್ಟರು ಬಾಟಲಿ ಎತ್ತಿ ಬೆಳಕಿಗೆ ಹಿಡಿದ್ರು. ಆಚೆ ಕಡೆ ಮರ ಕಾಣ್ತಿತ್ತು.

"ನೀರು! ಬರೀ ನೀರು!" ಸಿಸ್ಟರು ಕುರ್ಚಿಗೆ ಕುಸಿದ್ರು. "ಅಯ್ಯಾ, ಔಷಧಿ ಮಗು ಅಲ್ಲ. ಔಷಧಿ ಅಂದ್ರೆ ಮೇಲೆ ಮಗು ಹೆಸರು ಬರೆದು ಅಂಟಿಸ್ಬೇಕು. ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ಇಡಬೇಕು. ಡಾಕ್ಟರ ಚೀಟಿ ಇಲ್ಲದೆ ಕೆಳಗೆ ತೆಗೀಬಾರದು. ಗೊತ್ತಾಯ್ತಾ?"

"ಗೊತ್ತಾಯ್ತು ಸಿಸ್ಟರವ್ವ, ಇನ್ಮೇಲೆ ಹಾಗೇ ಮಾಡ್ತೀನಿ."

"ನೀನು ಏನೂ ಮಾಡಬೇಡ! ನಾಳೆ ನಾನೇ ನಿಮ್ಮನೆಗೆ ಬರ್ತೀನಿ. ಉಬ್ಬಸದ ಪಂಪು ನಾನೇ ತರ್ತೀನಿ."

ಚಿಕ್ಕತಾಯಮ್ಮ ಬೆಳಿಗ್ಗೇನೇ ಮನೆ ಗುಡಿಸಿ ಸಾರಿಸಿದಳು. ಮಗನ್ನ ಕೂರಿಸ್ಕೊಂಡು ಹೇಳಿದಳು. "ಲೋ ಮಾದ, ಆ ತಾಯಿ ಅಂದ್ರೆ ನಮ್ಮ ಮಗು ಪಾಲಿಗೆ ಔಷಧಿ ಕಣ್ಲಾ. ಔಷಧಿ! ಜೋಪಾನ!"

"ಔಷಧೀನಾ ಅವ್ವ?"

"ಹೂಂ ಕಣ್ಲಾ, ಔಷಧಿ!"

ಸಿಸ್ಟರು ಬಂದ್ರು. ಕಾಫಿ ಕುಡಿಯೋಕೆ ಬಗ್ಗಿದ್ರು. ಪುಟ್ಟಮಾದ ಹಿಂದಿನಿಂದ ಬಂದು ಅವರ ಬಿಳಿ ಕೋಟಿಗೆ ಅನ್ನದ ಅಗುಳಲ್ಲಿ ಒಂದು ಕಾಗದ ಅಂಟಿಸಿದ. ರೋಹಿಣಿ, ಮೂರನೇ ಕ್ಲಾಸು. ಯಾರೂ ನೋಡಲಿಲ್ಲ.

"ಧೂಳು ಎಲ್ಲಿದೆ ನೋಡ್ಬೇಕು," ಅಂದ್ರು ಸಿಸ್ಟರು. "ಆ ಅಟ್ಟದ ಮೇಲೆ ಏನಿದೆ?"

"ಹಳೇ ಹಾಸಿಗೆ ಕಣವ್ವ," ಅಂದಳು ಚಿಕ್ಕತಾಯಮ್ಮ. ಸಿಸ್ಟರು ಏಣಿ ಇಟ್ಟು ಅವರಷ್ಟಕ್ಕೆ ಅವರೇ ಹತ್ತಿದ್ರು. ಪುಟ್ಟಮಾದ ತಲೆ ಎತ್ತಿ ನೋಡಿದ. ಹೆಸರು ಅಂಟಿಸಿದೆ. ಎತ್ತರದಲ್ಲಿದೆ. ಮಕ್ಕಳ ಕೈಗೆ? ಏಣಿ ಇದ್ರೆ ಎಟುಕ್ತದೆ! ಏಣಿ ತಗೊಂಡು ಹೋಗಿ ಹಿತ್ತಲಲ್ಲಿಟ್ಟ.

ಮೇಲೆ ಸಿಸ್ಟರು ಹಳೇ ಹಾಸಿಗೆ ಎತ್ತಿದ್ರು ನೋಡಿ, ವರ್ಷಗಟ್ಟಲೆ ಧೂಳು ಧೊಪ್ಪನೆ ಕೆಳಗೆ! ಕೆಳಗೆ ಆಡ್ತಿದ್ದ ಮಗು ಕೆಮ್ಮಿತು. ಎದೆ ಕುಯ್ಯೋ ಅಂತು. ತುಟಿ ಬಣ್ಣ ತಿರುಗ್ತು.

"ಏಣಿ! ಏಣಿ ಎಲ್ಲಿ?" ಸಿಸ್ಟರು ಕೂಗಿದ್ರು.

"ಹಿತ್ತಲಲ್ಲಿ ಸಿಸ್ಟರವ್ವ!"

ಏಣಿ ತರಿಸೋಕೆ ಹೊತ್ತಿಲ್ಲ. ಸಿಸ್ಟರು ಸೊಂಟದ ಚೀಲದಿಂದ ಪಂಪು ತೆಗೆದು ಎಸೆದ್ರು. "ಹಿಡ್ಕೊ! ಹೇಳಿದ ಹಾಗೇ ಮಾಡು. ಮಗುನ ಬಾಗಿಲಾಚೆ ನೆಟ್ಟಗೆ ಕೂರಿಸು!" ಕೂರಿಸಿದ. "ಪಂಪು ಅಲ್ಲಾಡಿಸು! ಔಷಧಿ ಇಳಿಯೋ ಮುಂಚೆ ಚೆನ್ನಾಗಿ ಅಲ್ಲಾಡಿಸ್ಬೇಕು!" ಅಲ್ಲಾಡಿಸಿದ. "ಮಗು ಬಾಯಿಗಿಡು. ಅವಳು ಉಸಿರು ಎಳ್ಕೊಳ್ಳೋವಾಗ ಒತ್ತು!" ಒತ್ತಿದ. "ಉಸಿರು ಹಿಡ್ಕೊ ಅನ್ನು!" ಅಂದ. ತಾನೂ ಹಿಡ್ಕೊಂಡ. ಇನ್ನೊಂದು ಸಲ ಹೇಳಿದ್ರು, ಇನ್ನೊಂದು ಸಲ ಮಾಡಿದ. ಒಂದಕ್ಷರ ಆಚೆ ಇಲ್ಲ, ಒಂದಕ್ಷರ ಈಚೆ ಇಲ್ಲ.

ಮೆಲ್ಲಗೆ ಮಗು ಉಸಿರು ಸಮ ಆಯ್ತು. ತುಟಿಗೆ ಬಣ್ಣ ಬಂತು. "ಮಾವ, ನೀನ್ಯಾಕೆ ಉಸಿರು ಬಿಡ್ತಿಲ್ಲ?" ಅಂತು. "ಬಿಡು ಅಂತ ಹೇಳಿಲ್ಲ!" ಅಂತ ಮೂಗಲ್ಲೇ ಗೊಣಗಿದ.

"ಬಿಡಯ್ಯ, ಬಿಡು!" ಸಿಸ್ಟರು ಮೇಲಿಂದ ನಕ್ಕೇಬಿಟ್ರು. "ಇಷ್ಟು ಸರಿಯಾಗಿ ಯಾರೂ ಮಾಡಿದ್ದಿಲ್ಲ ಕಣಯ್ಯ. ನಾಳೆಯಿಂದ ರೋಹಿಣಿ ಶಾಲೆಗೆ ಬರಲಿ. ಈಗ ನನ್ನ ಇಳಿಸು."

"ಡಾಕ್ಟರ ಚೀಟಿ?"

"ಏನು ಚೀಟಿ?"

"ಔಷಧೀನ ಚೀಟಿ ಇಲ್ಲದೆ ಕೆಳಗೆ ತೆಗೀಬಾರದು, ಸಿಸ್ಟರವ್ವ."

ಚಿಕ್ಕತಾಯಮ್ಮ ಬೈದಳು. ಸೌಟು ತಂದಳು. ಹೊಡೆದಳು. ಅವನು ಅಲ್ಲಾಡಲಿಲ್ಲ. ಕೊನೆಗೆ ಕುಂಟ್ತಾ ಕುಂಟ್ತಾ ಡಾಕ್ಟರ ಹತ್ರ ಅವಳೇ ಹೋದಳು. ಡಾಕ್ಟರು ಹೊಟ್ಟೆ ಹಿಡ್ಕೊಂಡು ನಕ್ಕು ಬರೆದುಕೊಟ್ರು: ಫಿಲೋಮಿನಾ ಸಿಸ್ಟರ್, ಕೂಡಲೇ ಕೆಳಗಿಳಿಸುವುದು.

ಪುಟ್ಟಮಾದ ಅಕ್ಷರ ಅಕ್ಷರ ಕೂಡಿಸಿ ಓದಿದ. ಏಣಿ ತಂದು ಒರಗಿಸಿದ. ಸಿಸ್ಟರು ಮೆಲ್ಲಗೆ ಒಂದು ಕಾಲು ಇಟ್ರು, ಇನ್ನೊಂದು ಕಾಲು ಇಟ್ರು. "ಗಟ್ಟಿಯಾಗಿ ಹಿಡ್ಕೊ, ನಾನು ಇಳೀತೀನಿ."

ಇಳಿಯೋದಾ? ಔಷಧಿ ಇಳಿಯೋ ಮುಂಚೆ!

ಏಣೀನ ಎರಡೂ ಕೈಲಿ ಗಟ್ಟಿಯಾಗಿ ಹಿಡಿದು ಅಲ್ಲಾಡಿಸಿದ ನೋಡಿ! ಒಂದು ಚಪ್ಪಲಿ ಅಡುಗೆಮನೆಗೆ ಹಾರ್ತು, ಇನ್ನೊಂದು ಬೀದಿಗೆ. ಸಿಸ್ಟರು ತೊಲೆ ತಬ್ಕೊಂಡು, "ನಿಲ್ಸೋ! ಬಿದ್ದೆ! ನಿಲ್ಸೋ!" ಅಂತ ಬೊಬ್ಬೆ ಹೊಡೆದ್ರು.

"ಇರಿ ಸಿಸ್ಟರವ್ವ," ಅಂದ ಪುಟ್ಟಮಾದ, "ಚೆನ್ನಾಗಿ ಅಲ್ಲಾಡಿಸ್ಬೇಕು ಅಂದಿದ್ರಿ, ಇದಿನ್ನೂ ಸುಮಾರಾಗಿದೆ!"