ನಡುಗೋಡೆ

"ಗುರುಗಳೇ, ಒಬ್ಬನ ಮನೆ ಅವನದು. ಅದನ್ನು ಕೆಡವಬೇಡ ಎನ್ನಲು ಊರಿಗೆ ಏನು ಹಕ್ಕಿದೆ?" ಎಂದು ಸಂಗಯ್ಯ ಕೇಳಿದ.

ಸಂಗಯ್ಯ ಮಠದಲ್ಲಿ ಓದುತ್ತಿದ್ದ ಶಿಷ್ಯ. ಅಂದು ಬೆಳಿಗ್ಗೆಯಷ್ಟೇ ತನ್ನ ಊರಿನಿಂದ ಬಂದಿದ್ದ. ಅಲ್ಲಿ ಹಳೆಯ ಪೇಟೆಯನ್ನು ಕಾಪಾಡಬೇಕೆಂದು ಜನ ಸಭೆ ಸೇರಿ ಒಂದು ನಿಯಮ ಮಾಡಿದ್ದರು. ಪೇಟೆಯವರ ಒಪ್ಪಿಗೆಯಿಲ್ಲದೆ ಯಾರೂ ಮನೆ ಕೆಡವುವಂತಿರಲಿಲ್ಲ. ಸಂಗಯ್ಯನ ಅಣ್ಣ ಹಳೆಯ ಮನೆ ಕೆಡವಿ ಹೊಸದು ಕಟ್ಟಲು ಹೊರಟಿದ್ದ. ಅವನಿಗೆ ಒಪ್ಪಿಗೆ ಸಿಕ್ಕಿರಲಿಲ್ಲ. ಮನೆಯಲ್ಲಿ ಬೆಳಕಿಲ್ಲ, ಜಂತೆಗಳಿಗೆ ಗೆದ್ದಲು ಹತ್ತಿದೆ, ಮಕ್ಕಳು ದೊಡ್ಡವರಾದರು, ಜಾಗ ಸಾಲುತ್ತಿಲ್ಲ ಎಂದೆಲ್ಲ ಸಂಗಯ್ಯ ವಿವರಿಸಿದ. ಗುರುಗಳು ಒಂದು ಮಾತು ಹೇಳಿದರೆ ಊರಿನವರು ಕೇಳಿಯಾರು ಎಂಬ ಆಸೆ ಅವನಿಗಿತ್ತು.

ಗುರುಗಳು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಂದು ಓಣಿ ಇತ್ತು. ಕೋಟೆ ಕಟ್ಟಿದ ಕಾಲದ ಓಣಿ. ಕಲ್ಲು ಮಣ್ಣಿನ ಗೋಡೆ, ಮೇಲೆ ಸೂರಾಗಿ ಮಣ್ಣು ಹಾಸಿದ ಚಪ್ಪಟೆ ಮಾಳಿಗೆ, ಬಾಗಿಲ ಮುಂದೆ ಕಟ್ಟೆ. ಮನೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ಎರಡು ಮನೆಗಳ ನಡುವೆ ಒಂದೇ ಗೋಡೆ. ಈಚೆ ಮನೆಯ ತೊಲೆಗಳೂ ಆಚೆ ಮನೆಯ ತೊಲೆಗಳೂ ಆ ಗೋಡೆಯ ಮೇಲೆಯೇ ಕೂತಿದ್ದವು. ಸುತ್ತಲಿನ ಊರುಗಳಲ್ಲಿ ಅಂಥ ಓಣಿ ಇನ್ನೊಂದು ಉಳಿದಿರಲಿಲ್ಲ. ಅದಕ್ಕೇ ಓಣಿಯವರು ತಮ್ಮತಮ್ಮಲ್ಲೇ ಒಂದು ಮಾತು ಮಾಡಿಕೊಂಡಿದ್ದರು. ಯಾರು ಮನೆ ಕೆಡವಬೇಕೆಂದರೂ ಎಲ್ಲರೂ ಕೂತು ಮಾತಾಡಬೇಕು, ಎಲ್ಲರೂ ಒಪ್ಪಬೇಕು.

ಆ ಓಣಿಯಲ್ಲಿ ಒಬ್ಬ ಅರಿವೆ ವರ್ತಕನಿದ್ದ. ವ್ಯಾಪಾರ ಚೆನ್ನಾಗಿ ನಡೆಯುತ್ತಿತ್ತು. ಹಿರಿಯ ಮಗನ ಮದುವೆಯಾಗಿತ್ತು. ಮನೆ ಇಕ್ಕಟ್ಟಾಗಿತ್ತು, ಕತ್ತಲೆಯಾಗಿತ್ತು. ಕೆಡವಿ ಎರಡು ಅಂತಸ್ತಿನ ಮನೆ ಕಟ್ಟಬೇಕೆಂಬುದು ಅವನ ಬಹಳ ದಿನದ ಆಸೆ. ಅವನ ಮನೆಯ ಒಂದು ಪಕ್ಕಕ್ಕೆ ಅವನದೇ ಉಗ್ರಾಣ. ಇನ್ನೊಂದು ಪಕ್ಕಕ್ಕೆ ಒಬ್ಬ ಬಣ್ಣಗಾರನ ಮನೆ. ಬಣ್ಣಗಾರ ನೂಲಿಗೆ ಬಣ್ಣ ಹಾಕಿ ಬದುಕುತ್ತಿದ್ದ. ಮಾಳಿಗೆಯ ನೀರು ಯಾರ ಕಡೆ ಬೀಳಬೇಕೆಂದು ಹಿಂದೆಂದೋ ಜಗಳವಾಗಿ ಇಬ್ಬರಿಗೂ ಮಾತು ನಿಂತುಹೋಗಿತ್ತು.

ವರ್ತಕ ಓಣಿಯವರನ್ನು ಸೇರಿಸಿದ. ಬಣ್ಣಗಾರ ಬರಲಿಲ್ಲ. ವರ್ತಕ ಕೂತಲ್ಲಿ ಅವನು ಕೂರುತ್ತಿರಲಿಲ್ಲ.

ಓಣಿಗೆ ಹಿರಿಯಳಾದ ಸಾತವ್ವ ಹೇಳಿದಳು: "ನಿನ್ನ ಕಷ್ಟ ನಮಗೂ ಕಾಣುತ್ತದೆ ತಮ್ಮಾ. ಮನೆ ನೆಟ್ಟಗೆ ಮಾಡಿಕೊ, ಬೆಳಕು ಬರುವ ಹಾಗೆ ಮಾಡಿಕೊ. ಕೆಡವಬೇಡ. ಒಂದು ಮನೆ ಹೋದರೆ ಓಣಿ ಹೋಗುತ್ತದೆ."

"ನನ್ನ ಮನೆಯಲ್ಲಿ ನಾನು ಏನು ಮಾಡಬೇಕು ಅಂತ ಹೇಳಲು ನೀವು ಯಾರವ್ವಾ?" ಎಂದ ವರ್ತಕ. "ನಡುಗೋಡೆ ಮುಟ್ಟುವುದಿಲ್ಲ. ಉಳಿದದ್ದು ನನ್ನದು. ಬಣ್ಣಗಾರನಿಗೆ ಏನಾದರೂ ಹೇಳುವುದಿದ್ದರೆ ಬಂದು ಹೇಳಲಿ."

ಅವನು ಎದ್ದು ಹೋದ. ಕೆಲವೇ ದಿನಗಳಲ್ಲಿ ಸಂಸಾರವನ್ನು ಉಗ್ರಾಣಕ್ಕೆ ಸಾಗಿಸಿ ಮನೆ ಕೆಡವಿಸಿದ. ಹೇಳಿದಂತೆಯೇ ನಡುಗೋಡೆಯನ್ನು ಮುಟ್ಟಲಿಲ್ಲ. ತನ್ನ ತೊಲೆಗಳನ್ನು ಅದರಿಂದ ಬಿಡಿಸಿಕೊಂಡ, ಅಷ್ಟೇ. ಹೊಸ ಮನೆಗೆಂದು ತರಿಸಿದ್ದ ತೇಗದ ತೊಲೆಗಳು ಬಂದು ನಿವೇಶನದಲ್ಲಿ ಬಿದ್ದವು.

ಪಾಯ ತೋಡುವ ಮೊದಲೇ ಅಕಾಲದ ಮಳೆ ಹಿಡಿಯಿತು. ಮನೆಯೊಳಗಿದ್ದ ಗೋಡೆ ಈಗ ಬಯಲಿಗೆ ಬಿದ್ದಿತ್ತು. ಅದು ಕಟ್ಟಿದಂದಿನಿಂದ ಮಳೆ ಕಂಡದ್ದಲ್ಲ. ಮಣ್ಣು ನೀರು ಕುಡಿಯಿತು. ಈಚೆಯಿಂದ ಆತುಕೊಂಡಿದ್ದ ಭಾರ ಇಲ್ಲವಾಗಿತ್ತು, ಆಚೆಯ ಮಾಳಿಗೆ ತೂಗುತ್ತಲೇ ಇತ್ತು. ಮಳೆ ಬಿಟ್ಟ ಮೇಲೆ ವರ್ತಕ ನಿವೇಶನ ನೋಡಲು ಬಂದಾಗ ಗೋಡೆಯ ನಡುಭಾಗ ಅವನ ಕಡೆಗೆ ಉಬ್ಬಿತ್ತು. ಕಾಲ ಬಳಿ ಸಣ್ಣ ಕಲ್ಲೊಂದು ಉದುರಿತು. ಗೋಡೆಯ ಆಚೆ ಬಣ್ಣಗಾರನ ಮುದಿ ತಾಯಿ ಕೆಮ್ಮುವುದು ಕೇಳಿಸಿತು.

ಎಷ್ಟೋ ವರ್ಷಗಳ ಮೇಲೆ ವರ್ತಕ ಬಣ್ಣಗಾರನ ಕಟ್ಟೆ ಹತ್ತಿದ.

"ಗೋಡೆ ವಾಲಿದೆ. ತಾಯಿಯನ್ನೂ ಹೆಂಡತಿಯನ್ನೂ ಕರೆದುಕೊಂಡು ಹೊರಗೆ ಬಾ" ಎಂದ.

ಬಣ್ಣಗಾರ ಬಾಗಿಲಲ್ಲೇ ನಿಂತು ಹೇಳಿದ: "ಇದು ನನ್ನ ಮನೆ. ಇದರಲ್ಲಿ ಇರು, ಬಿಡು ಎನ್ನಲು ನೀನು ಯಾರು?"

ಬಣ್ಣಗಾರ ಬಾಗಿಲು ಹಾಕಿಕೊಂಡ.

ವರ್ತಕ ತನ್ನ ನಿವೇಶನಕ್ಕೆ ಮರಳಿದ. ಆಮೇಲೆ ಮಗನನ್ನೂ ಆಳುಗಳನ್ನೂ ಕರೆದು ತೇಗದ ತೊಲೆಗಳನ್ನು ಎತ್ತಿಸಿದ. ಒಂದೊಂದನ್ನೇ ಓರೆಯಾಗಿ ಗೋಡೆಗೆ ಆನಿಸಿ, ಬುಡಕ್ಕೆ ಕಲ್ಲು ಜಡಿಸಿದ. ಅಳತೆಗೆ ಸರಿಯಾಗಿ ಕೊಯ್ಸಿ ತಂದ ತೊಲೆಗಳು ಅವು. ಉದ್ದವಾದದ್ದನ್ನು ಅವನೇ ಕೊಡಲಿ ಹಿಡಿದು ಮೊಟಕು ಮಾಡಿದ.

ಗೋಡೆಗೆ ಪೆಟ್ಟು ಬೀಳುವ ಸದ್ದು ಕೇಳಿ ಬಣ್ಣಗಾರ ದೊಣ್ಣೆ ಹಿಡಿದು ಓಡಿ ಬಂದ. ಗೋಡೆಯನ್ನೂ ಬೀಳಿಸುತ್ತಿದ್ದಾನೆ ಎಂದುಕೊಂಡಿದ್ದ. ಬಂದು ನೋಡಿದರೆ ವರ್ತಕ ಕೆಸರಲ್ಲಿ ಮೊಣಕಾಲೂರಿ ತೊಲೆಗೆ ಹೆಗಲು ಕೊಟ್ಟಿದ್ದ. ಅವನ ತಲೆಯ ಮೇಲೆಯೇ ಗೋಡೆ ಬಾಗಿತ್ತು. ಬಣ್ಣಗಾರ ದೊಣ್ಣೆ ಕೆಳಗೆ ಹಾಕಿದ. ಆಮೇಲೆ ಮನೆಗೆ ಹೋಗಿ ತಾಯಿಯನ್ನು ಎತ್ತಿಕೊಂಡು ಬಂದು ಸಾತವ್ವನ ಕಟ್ಟೆಯ ಮೇಲೆ ಕೂರಿಸಿದ. ಹೆಂಡತಿ ಹಿಂದೆಯೇ ಬಂದಳು. ಇಬ್ಬರನ್ನೂ ಅಲ್ಲಿ ಬಿಟ್ಟು ಬಣ್ಣಗಾರ ಮರಳಿ ಬಂದ, ವರ್ತಕನ ಪಕ್ಕದ ತೊಲೆಗೆ ಕೈ ಹಚ್ಚಿದ.

ಗೋಡೆ ಬೀಳಲಿಲ್ಲ. ಆದರೆ ಕಟ್ಟಲು ತಂದ ತೊಲೆಗಳೆಲ್ಲ ಗೋಡೆಗೆ ಆಸರೆಯಾಗಿ ನಿಂತಿದ್ದವು. ಅವನ್ನು ತೆಗೆಯುವ ಹಾಗಿಲ್ಲ. ತೆಗೆಯದೆ ಆ ಜಾಗದಲ್ಲಿ ಮನೆ ಕಟ್ಟುವ ಹಾಗೂ ಇಲ್ಲ. ವರ್ತಕ ಮತ್ತೆ ಓಣಿಯವರ ಮುಂದೆ ಬಂದು ಕೂತ. ಈ ಸಲ ಬಣ್ಣಗಾರನೂ ಬಂದ.

"ಏನು ಮಾಡಲಿ, ನೀವೇ ಹೇಳಿ" ಎಂದ ವರ್ತಕ.

ಯಾರೂ ಅವನನ್ನು ಆಡಿಕೊಳ್ಳಲಿಲ್ಲ. ಅವರಿಗೂ ಭಯವಾಗಿತ್ತು. ಬಣ್ಣಗಾರನ ಮನೆ ಕುಸಿದಿದ್ದರೆ ಮುಂದಿನದು ಯಾರದೆಂದು ಪ್ರತಿಯೊಬ್ಬನೂ ಲೆಕ್ಕ ಹಾಕಿದ್ದ. ಬಹಳ ಹೊತ್ತು ಮಾತಾಯಿತು. ನಡುಗೋಡೆಯನ್ನು ಸ್ವಲ್ಪ ಸ್ವಲ್ಪವೇ ಬಿಚ್ಚಿ ಎರಡು ಮನೆಯವರೂ ಸೇರಿ ಕಟ್ಟುವುದು, ವರ್ತಕ ಅದರ ಮೇಲೆಯೇ ತೊಲೆ ಕೂರಿಸಿ ಓಣಿಯ ಎತ್ತರಕ್ಕೇ ಮನೆ ಎಬ್ಬಿಸುವುದು ಎಂದು ತೀರ್ಮಾನವಾಯಿತು. ಬೆಳಕಿಗೆ ಮಾಳಿಗೆಯಲ್ಲಿ ದೊಡ್ಡ ಬೆಳಕಿಂಡಿ ಬಿಡಿಸಲು, ಮಗನ ಸಂಸಾರಕ್ಕೆ ಹಿತ್ತಲಲ್ಲಿ ಕೋಣೆಗಳನ್ನು ಕಟ್ಟಲು ಎಲ್ಲರೂ ಒಪ್ಪಿದರು. ಎರಡನೆಯ ಅಂತಸ್ತಿನ ಮಾತನ್ನು ವರ್ತಕ ತಾನಾಗಿಯೇ ಎತ್ತಲಿಲ್ಲ.

ಮನೆ ಎದ್ದಿತು. ಮೊದಲಿಗಿಂತ ಬೆಳಕಾಗಿಯೇ ಇತ್ತು. ಆದರೂ ವರ್ತಕ ಬೇರೆ ಊರಿಗೆ ಹೋದಾಗ ಎರಡು ಅಂತಸ್ತಿನ ಮನೆ ಕಂಡರೆ ನಿಂತು ನೋಡುತ್ತಿದ್ದ. ಆ ಆಸೆ ಅವನನ್ನು ಸಾಯುವವರೆಗೂ ಬಿಡಲಿಲ್ಲ. ಬಣ್ಣಗಾರನೂ ಅವನೂ ಗೆಳೆಯರಾಗಲಿಲ್ಲ. ಮಳೆಗಾಲಕ್ಕೆ ಮೊದಲು ಮಾಳಿಗೆಗೆ ಹೊಸ ಮಣ್ಣು ಹಾಕುವಾಗ ಮಾತ್ರ ಒಬ್ಬ ಇನ್ನೊಬ್ಬನನ್ನು ಕರೆಯುತ್ತಿದ್ದ. ಇಬ್ಬರೂ ಮೇಲೆ ಹತ್ತಿ ನಡುಗೋಡೆಯ ಉದ್ದಕ್ಕೂ ನಡೆದು ನೋಡಿ ಇಳಿಯುತ್ತಿದ್ದರು. ಓಣಿ ಈಗಲೂ ಇದೆ.

ಗುರುಗಳು ಕತೆ ನಿಲ್ಲಿಸಿದರು.

ಸಂಗಯ್ಯನಿಗೆ ಸಮಾಧಾನವಾಗಲಿಲ್ಲ. "ಹಾಗಾದರೆ ಆ ಮನೆ ವರ್ತಕನದಲ್ಲವೇ?" ಎಂದ.

"ಅವನದೇ" ಎಂದರು ಗುರುಗಳು.

"ಮತ್ತೆ ನನ್ನ ಅಣ್ಣನದು?"

"ಅದೂ ಅವನದೇ. ಇಷ್ಟು ಹೊತ್ತು ಆ ಮನೆಯ ಬಗ್ಗೆ ಹೇಳಿದೆಯಲ್ಲ ಸಂಗಯ್ಯ, ಪಕ್ಕದ ಮನೆಯಲ್ಲಿ ಯಾರಿದ್ದಾರೆ?"

ಸಂಗಯ್ಯನಿಗೆ ಅವರ ಹೆಸರು ಗೊತ್ತಿತ್ತು. ಆದರೆ ಅಣ್ಣ ಮನೆ ಕೆಡವಿದರೆ ಅವರ ಗೋಡೆ ಏನಾದೀತೆಂದು ಅವನು ಯೋಚಿಸಿರಲಿಲ್ಲ.